ಸಾಕೋ ತಮ್ಮಾ

ನಮ್ಮ ಅಡುಗೆಮನೆಗೂ ಕುದುರೆಗೂ ನಡುವೆ ಒಂದೇ ಗೋಡೆ. ಮಣ್ಣಿನ ಗೋಡೆ, ಅದರ ಒಳಮೈ ಒಲೆಯ ಹೊಗೆಗೆ ಕಪ್ಪಾಗಿತ್ತು, ಹೊರಮೈ ಕುದುರೆ ಬೆನ್ನು ಉಜ್ಜಿ ಉಜ್ಜಿ ನುಣುಪಾಗಿತ್ತು. ಒಲೆಯ ಬಲಕ್ಕೆ, ನೆಲದ ಮೇಲೆ ಕುಳಿತವರು ಕೈ ಎತ್ತಿದರೆ ನಿಲುಕುವ ಎತ್ತರಕ್ಕೆ, ಒಂದು ಚೌಕ ಕಿಂಡಿ. ಹೊಗೆ ಹೋಗಲೆಂದು ಬಿಟ್ಟದ್ದಂತೆ. ಆದರೆ ನನಗೆ ಬುದ್ಧಿ ಬಂದಾಗಿನಿಂದ ಆ ಕಿಂಡಿಯಲ್ಲಿ ಹೊಗೆಗಿಂತ ಹೆಚ್ಚಾಗಿ ಕಂಡದ್ದು ಚಾಂದನಿಯ ಮೂತಿ. ಅಬ್ಬಾನ ಟಾಂಗಾ ಎಳೆಯುತ್ತಿದ್ದ ಬಿಳಿ ಕುದುರೆ ಅದು. ಮೊದಲ ರೊಟ್ಟಿ ಹಂಚಿನಿಂದ ಇಳಿಯುವ ಹೊತ್ತಿಗೆ ಸರಿಯಾಗಿ ಮೂತಿ ತೂರಿಸುತ್ತಿತ್ತು. ಅವ್ವ ತಿರುಗಿ ನೋಡದೆಯೇ ರೊಟ್ಟಿಯ ಅಂಚು ಮುರಿದು ಕೊಡುತ್ತಿದ್ದಳು. ಅದರ ಉಸಿರಿಗೆ ಅವ್ವನ ಸೆರಗು ಅಲುಗುತ್ತಿತ್ತು. ನಮ್ಮ ಮನೆಯ ಬೆಳಗು ಶುರುವಾಗುತ್ತಿದ್ದುದು ಹಾಗೆ.

ಸವಣೂರಿನ ಎಲೆತೋಟದ ದಾರಿಗೆ ಹತ್ತಿಕೊಂಡ ಓಣಿ ನಮ್ಮದು. ಅಬ್ಬಾ ಮುಂಜಾನೆ ಒಂಬತ್ತು ಮಕ್ಕಳನ್ನು ಟಾಂಗಾದಲ್ಲಿ ತುಂಬಿಕೊಂಡು ಊರ ಹೊರಗಿನ ಕಾನ್ವೆಂಟಿಗೆ ಬಿಡುತ್ತಿದ್ದರು. ಆಮೇಲೆ ವೀಳ್ಯದೆಲೆಯ ಬುಟ್ಟಿಗಳನ್ನು ಬಸ್‌ಸ್ಟ್ಯಾಂಡಿಗೆ ಸಾಗಿಸುತ್ತಿದ್ದರು. ಆ ಒಂಬತ್ತರಲ್ಲಿ ನಾನೂ ಒಬ್ಬಳು, ಅಬ್ಬಾನ ಪಕ್ಕ ಮುಂದಿನ ಹಲಗೆಯ ಮೇಲೆ ಕೂರುವವಳು. ಟಾಂಗಾ ಇದ್ದುದರಿಂದ ನನಗೆ ಕಾನ್ವೆಂಟು. ಇಲ್ಲದಿದ್ದರೆ ಅಷ್ಟು ದೂರದ ಶಾಲೆ ನಮ್ಮ ಓಣಿಯ ಹುಡುಗಿಯರಿಗೆ ಕನಸಿನಲ್ಲೂ ಇರಲಿಲ್ಲ. ಮನೆಯಲ್ಲಿ ಅಬ್ಬಾ ಮತ್ತು ಅವರ ವಿಧವೆ ಅಕ್ಕ, ನಮ್ಮ ಫುಫೂ, ತಮ್ಮೊಳಗೆ ಉರ್ದು ಆಡುತ್ತಿದ್ದರು. ಅವ್ವ ಹಿರೇಕೆರೂರು ಕಡೆಯ ಹಳ್ಳಿಯವಳು. ಅವಳ ಊರಲ್ಲಿ ನಮ್ಮವರ ಮನೆ ಮೂರೋ ನಾಲ್ಕೋ ಅಷ್ಟೆ. ಅವಳಿಗೆ ಕನ್ನಡವೇ ಬಾಯಿಗೆ ಹತ್ತಿರ. ಅವಳ ಜೊತೆ ಎಲ್ಲರೂ ಕನ್ನಡಕ್ಕೆ ಇಳಿಯುತ್ತಿದ್ದರು. ಹಾಗಾಗಿ ನನಗೆ ತಂದೆ ಅಬ್ಬಾ ಆದರು, ತಾಯಿ ಅವ್ವ ಆದಳು.

ನಮ್ಮ ಊಟಕ್ಕೂ ಕುದುರೆಯ ಊಟಕ್ಕೂ ಒಂದೇ ಪಾತ್ರೆ. ಸಂಜೆ ಅವ್ವ ಹುರುಳಿ ಬೇಯಿಸಿ ಬಸಿಯುತ್ತಿದ್ದಳು. ಕಾಳು ಗೋಡೆಯ ಆಚೆಗೆ ಹೋಗುತ್ತಿತ್ತು, ಕಟ್ಟು ಈಚೆಗೆ ಉಳಿಯುತ್ತಿತ್ತು. ಆ ಕಟ್ಟಿಗೆ ಬೆಳ್ಳುಳ್ಳಿಯ ಒಗ್ಗರಣೆ, ಒಣಮೆಣಸಿನಕಾಯಿ, ತುಸು ಹುಣಸೆ. ರೊಟ್ಟಿಯನ್ನು ಅದರಲ್ಲಿ ಮುರಿದು ನೆನೆಸಿ ತಿನ್ನುತ್ತಿದ್ದೆವು. ತಾಟಿನ ಮೇಲೆ ಕೈ ಅಡ್ಡ ಹಿಡಿದು 'ಸಾಕು' ಎಂದರೆ ಅವ್ವ ಕೇಳುತ್ತಿರಲಿಲ್ಲ. ಅವಳ ನಿಘಂಟಿನಲ್ಲಿ ಸಾಕು ಎಂದರೆ ಇನ್ನೊಂದು ರೊಟ್ಟಿ. ಈ ಪದದಿಂದ ನಮ್ಮ ಕಾನ್ವೆಂಟಿನ ಸಿಸ್ಟರ್ ಕೂಡ ಒಮ್ಮೆ ಪೇಚಿಗೆ ಸಿಕ್ಕಿದ್ದರು. ಕೇರಳದಿಂದ ಬಂದ ಎಳೆಯ ಸಿಸ್ಟರ್ ಅವರು. ನಮ್ಮದೇ ಪಠ್ಯಪುಸ್ತಕ ಇಟ್ಟುಕೊಂಡು ಕನ್ನಡ ಕಲಿಯುತ್ತಿದ್ದರು. ಒಂದು ದಿನ ಪುಟದ ಮೇಲೆ ಬೆರಳಿಟ್ಟು ನನ್ನನ್ನು ಕೇಳಿದರು:

"ನಸೀಮಾ, ಸಾಕು ಅಂದರೆ ನಿಲ್ಲಿಸು, ಅಲ್ಲವಾ? ಇಲ್ಲಿ 'ಮನೆಯಲ್ಲಿ ಒಂದು ಹಸುವನ್ನು ಸಾಕು' ಅಂತ ಇದೆ. ಹಸುವನ್ನು ಯಾಕೆ ನಿಲ್ಲಿಸಬೇಕು?"

ಮನೆಗೆ ಬಂದು ಹೇಳಿದಾಗ ಅವ್ವ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. ಅಬ್ಬಾ ಕೂಡ ನಕ್ಕರು.

"ಹೌದಲ್ಲ. ಅದೂ ಸಾಕು, ಇದೂ ಸಾಕು. ಇಷ್ಟ ವರ್ಷ ಆತು, ನನ್ನ ತಲಿಗೆ ಹೊಳಿದೇ ಇಲ್ಲ ನೋಡು," ಎಂದಳು ಅವ್ವ.

ನಾನು ಐದನೆಯ ಇಯತ್ತೆ ಮುಗಿಸುವ ವೇಳೆಗೆ ಚಾಂದನಿಗೆ ಮೊಣಕಾಲು ಬಾತು, ಮಲಗಿದ್ದು ಏಳಲೇ ಇಲ್ಲ. ಕಿಂಡಿ ಖಾಲಿಯಾಯಿತು. ಅವ್ವ ಹದಿನೈದು ದಿನ ಮೊದಲ ರೊಟ್ಟಿಯ ಅಂಚು ಮುರಿದು ಕೈ ಎತ್ತುತ್ತಿದ್ದಳು, ಆಮೇಲೆ ನೆನಪಾಗಿ ಕೆಳಗಿಡುತ್ತಿದ್ದಳು. ಬೇಸಿಗೆಯ ರಜೆಯಲ್ಲಿ ಅಬ್ಬಾ ಶಿಗ್ಗಾಂವಿಗೆ ಹೋಗಿ ಒಂದು ಎಳೆಯ ಗಂಡು ಕುದುರೆಯನ್ನು ಹಿಡಿದುಕೊಂಡು ಬಂದರು. ಹುರಿದ ಕಡಲೆಯ ಬಣ್ಣ, ಹಣೆಯಲ್ಲಿ ಬಿಳಿ ಬೊಟ್ಟು. 'ಭಾಳ ಚುರುಕ್ ಐತ್ರಿ' ಎಂದು ಕೊಟ್ಟವನು ಹೇಳಿದ್ದನಂತೆ. ಆ ಮಾತು ಸುಳ್ಳಲ್ಲ. ಬಂದ ದಿನವೇ ಅಬ್ಬಾ ಪ್ರೀತಿಯಿಂದ ಚಾಂದನಿಯ ಗೆಜ್ಜೆಸರವನ್ನು ಅದರ ಕೊರಳಿಗೆ ಕಟ್ಟಿ ಟಾಂಗಾಕ್ಕೆ ಹೂಡಿದರು. ನಾಲ್ಕು ಹೆಜ್ಜೆ ನಡೆಯಿತು, ಗೆಜ್ಜೆ ಗಲ್ಲೆಂದಿತು, ಮುಂಗಾಲು ಎತ್ತಿ ಎತ್ತಿ ನಿಂತಲ್ಲೇ ಕುಪ್ಪಳಿಸತೊಡಗಿತು. ಟಾಂಗಾದ ಮೂಕಿ ಮೇಲೇರಿ ಅಬ್ಬಾ ಹಿಂದಕ್ಕೆ ಜಾರಿದರು. ಓಣಿಯವರು ಬಾಗಿಲಿಗೆ ಬಂದು ನೋಡಿದರು. ಹತ್ತು ದಿನ ಇದೇ ಆಟ. ಒಮ್ಮೊಮ್ಮೆ ಗೋಡೆಯ ಆಚೆ ಬರೀ ಕಟ್ಟಿ ಹಾಕಿದ್ದಾಗಲೂ ಕುಣಿದು ಕುಣಿದು ಮೈಯೆಲ್ಲ ನೊರೆ.

"ಸೊಕ್ಕು ಇದು. ಹುರುಳಿ ತಿಂದು ಸೊಕ್ಕು ಏರೇತಿ. ಹುರುಳಿ ಬಂದ್ ಮಾಡು, ಬರೇ ಕಣಿಕಿ ಹಾಕು," ಎಂದರು ಅಬ್ಬಾ.

ಕುದುರೆಗೆ ಕಾಳು ನಿಂತು ಬರೀ ಜೋಳದ ದಂಟು ಉಳಿಯಿತು. ಕಾಳಿನ ಜೊತೆ ನಮ್ಮ ಕಟ್ಟಿನ ಸಾರೂ ನಿಂತಿತು. ಮೂರನೆಯ ದಿನ ಅಬ್ಬಾ ತಾಟಿನಲ್ಲಿದ್ದ ನೀರಿನಂಥ ಬೇಳೆ ಸಾರನ್ನು ಬೆರಳಲ್ಲಿ ಕಲಕಿ ಅವ್ವನ ಮುಖ ನೋಡಿದಾಗ ಅವಳು ಮೆಲ್ಲಗೆ ಅಂದಳು:

"ಸೊಕ್ಕು ಕುದುರಿಗೆ ಬಂದೈತ್ರಿ. ತಿಳಿ ಸಾರು ನಮಗ ಬಂದೈತಿ."

ಫುಫೂಗೆ ಬೇರೆ ಲೆಕ್ಕವಿತ್ತು. ಅವರ ಪ್ರಕಾರ ಅದಕ್ಕೆ ಯಾರದೋ ಕೆಟ್ಟ ಕಣ್ಣಿನ ನಜರ್ ತಾಗಿತ್ತು. ಹುಲಗೂರಿನ ದರ್ಗಾಕ್ಕೆ ಕರೆದೊಯ್ದರೆ ಇಳಿಯುತ್ತದಂತೆ. ನನಗೆ ಮಾತ್ರ ಇನ್ನೊಂದು ಸಂಗತಿ ಕಂಡಿತ್ತು. ಕಾನ್ವೆಂಟಿನಲ್ಲಿ ತುಟಿಯ ಮೇಲೆ ಬೆರಳಿಟ್ಟು ಸುಮ್ಮನೆ ಕೂರುವುದನ್ನು ಬಹಳ ಕಲಿಸಿದ್ದರು. ಸುಮ್ಮನೆ ಕೂತವರಿಗೆ ನೋಡುವುದಲ್ಲದೆ ಬೇರೆ ಕೆಲಸವಿಲ್ಲ. ಕಿಂಡಿಯಲ್ಲಿ ಇಣುಕಿ ಕೂತು ನಾನು ನೋಡಿದ್ದೆ: ಗೋಡೆಯ ಆಚೆ ಕಟ್ಟಿದ್ದಾಗ, ಅವ್ವ ರೊಟ್ಟಿ ಬಡಿದರೆ ಮಾತ್ರ ಅದು ಮುಂಗಾಲು ಎತ್ತುತ್ತಿತ್ತು. ಟಪ್ ಎಂದರೆ ಎಡಗಾಲು, ಟಪ್ ಎಂದರೆ ಬಲಗಾಲು. ಅವ್ವ ಹಿಟ್ಟು ತಿರುಗಿಸಲು ಕೈ ತಡೆದರೆ ಅದರ ಕಾಲೂ ಗಾಳಿಯಲ್ಲಿ ಒಂದು ಗಳಿಗೆ ತಡೆಯುತ್ತಿತ್ತು.

"ಅವ್ವಾ, ನೀ ರೊಟ್ಟಿ ಬಡದಂಗ ಅದು ಕಾಲ ಎತ್ತಾಕತ್ತೈತಿ."

"ಹಂಚ ನೋಡು. ರೊಟ್ಟಿ ಹೊತ್ತಾಕತ್ತೈತಿ," ಎಂದಳು ಅವ್ವ. ಯಾರೂ ನಂಬಲಿಲ್ಲ.

ಕೊನೆಗೆ ಫುಫೂನ ಮಾತೇ ಗೆದ್ದಿತು. ಒಂದು ಗುರುವಾರ ಅಬ್ಬಾ ನಸುಕಿನ ನಮಾಜು ಮುಗಿಸಿ ಕುದುರೆಯನ್ನು ನಡೆಸಿಕೊಂಡು ಹುಲಗೂರಿಗೆ ಹೊರಟರು. ನಾವು ಮೂವರು ಬಸ್ಸಿನಲ್ಲಿ ಹೋದೆವು. ದರ್ಗಾದ ಹೊರಗಿನ ಬೇವಿನ ಮರದ ಕೆಳಗೆ ಅಬ್ಬಾ ಲಗಾಮು ಹಿಡಿದು ನಿಂತಿದ್ದರು. ಯಾರೋ ಹರಕೆ ತೀರಿಸಲು ಬಂದ ಕುಟುಂಬ ತಮಟೆಯಂಥ ಹಲಗಿ ಬಾರಿಸುವವರನ್ನು ಕರೆತಂದಿತ್ತು. ಹಲಗಿಯ ಮೊದಲ ಪೆಟ್ಟಿಗೇ ನಮ್ಮ ಕುದುರೆ ಕೊರಳು ಬಾಗಿಸಿ ಮುಂಗಾಲು ಎತ್ತಿತು. ಜನ ಸುತ್ತುಗಟ್ಟಿದರು. ಫುಫೂ ತಲೆಯ ಮೇಲೆ ಸೆರಗು ಎಳೆದುಕೊಂಡು ಕಣ್ಣೀರಾದರು.

"ನೋಡ್ರಿ, ಬಾಬಾಗ ಸಲಾಮ್ ಮಾಡಾಕತ್ತೈತಿ," ಎಂದರು.

ಹಲಗಿ ಬಾರಿಸುತ್ತಿದ್ದವರಲ್ಲಿ ಹಿರಿಯ, ದುರ್ಗಪ್ಪ ಎಂಬ ಮುದುಕ, ಕೈ ನಿಲ್ಲಿಸಿ ಹತ್ತಿರ ಬಂದ. ಕುದುರೆಯ ಕಾಲುಗಳನ್ನೇ ನೋಡಿದ.

"ಸಲಾಮ್ ಅಲ್ರಿ ಅವ್ವಾರ. ಬರಾತಿನ ಕುದುರಿ ಇದು. ನಾ ಎಷ್ಟ ಮದುವ್ಯಾಗ ಇಂಥಾವುದರ ಮುಂದ ಬಾರ್ಸೇನಿ. ಇದಕ್ಕ ಕುಣಿಯೂದು ಕಲಿಸ್ಯಾರ, ನಿಂದ್ರೂದು ಕಲಿಸಿಲ್ಲ. ಅರ್ಧಾ ಕಲಿಸಿ ನಿಮಗ ದಾಟಿಸ್ಯಾರ."

"ಹಲಗಿ ನಿಂತೈತಲ್ಲ, ಇದ್ಯಾಕ ನಿಂದ್ರವಲ್ದು?" ಎಂದರು ಅಬ್ಬಾ.

"ಕುಣಿಯೂದು ಹೆಂಗ ಕಲಿಸ್ತಾರ ಗೊತ್ತೈತೇನ್ರಿ? ಹಲಗಿ ಬಡದಂಗ ಕಾಲಿಗೆ ಬಡಿಗಿಲೆ ಬಡಿತಾರ. ನಿಂತ್ರ ಮತ್ತ ಬಡಿತಾರಂತ ಇದಕ್ಕ ಅಂಜಿಕಿ. ಇಲ್ಲೆ ನೋಡ್ರಿ."

ಮೊಣಕಾಲ ಕೆಳಗೆ, ಮುಂಗಾಲುಗಳೆರಡರಲ್ಲೂ, ಕೂದಲಿಲ್ಲದ ಸಣ್ಣ ಸಣ್ಣ ಗೆರೆಗಳು. ನಾನು ಅವನ್ನು ಮೊದಲೇ ನೋಡಿದ್ದೆ. ಕಾಲ್ಗಡಗದ ಗುರುತಿನಂತಿವೆ, ಎಷ್ಟು ಚೆಂದ ಎಂದುಕೊಂಡಿದ್ದೆ. ಹಲಗಿ ನಿಂತು ಎಷ್ಟೋ ಹೊತ್ತಾದರೂ ಕುದುರೆ ಒಂದೊಂದೇ ಕಾಲು ಎತ್ತುತ್ತಲೇ ಇತ್ತು. ನೊಣ ಕೂತಾಗ ನಡುಗುವಂತೆ ಅದರ ಭುಜದ ಚರ್ಮ ನಡುಗುತ್ತಿತ್ತು. ಅಲ್ಲಿ ನೊಣ ಇರಲಿಲ್ಲ.

ಅವ್ವ ಮನೆಗೆ ಬಂದವಳೇ ಹುರುಳಿ ತೊಳೆದು ಒಲೆಗೆ ಇಟ್ಟಳು.

"ಅಂಜಿ ಕುಣಿಯೂ ಕೂಸಿಗೆ ಸೊಕ್ಕು ಅಂತ ಹೆಸರಿಟ್ಟು ಉಪಾಸ ಕೆಡವಿದ್ವಿ," ಎಂದಳು, ನನಗಲ್ಲ, ಒಲೆಗೆ.

ಆ ಒಂದು ಮಾತಿಗೆ ನಾನು ಇವತ್ತಿಗೂ ಋಣಿ. ಈಗ ನಾನು ಹಾನಗಲ್ಲಿನಲ್ಲಿ ಇಬ್ಬರು ಮಕ್ಕಳನ್ನು ಬೆಳೆಸಿ ದೊಡ್ಡವರನ್ನಾಗಿ ಮಾಡಿದ ಗೃಹಿಣಿ. ನನ್ನ ಸಣ್ಣ ಮಗ ಒಂದನೆಯ ಇಯತ್ತೆಯಲ್ಲಿ ಕೂತಲ್ಲಿ ಕೂರುವುದಿಲ್ಲ ಎಂದು ಶಾಲೆಯಿಂದ ದೂರು ಬಂದಾಗ, ನಾನು ಬೈಯುವ ಮೊದಲು ಅವನ ಕಾಲುಗಳನ್ನು ನೋಡಿದೆ. ಬೂಟು ಕಚ್ಚಿ ಹಿಮ್ಮಡಿ ಬೊಬ್ಬೆ ಎದ್ದಿತ್ತು. ಅಷ್ಟೇ. ನೋಡುವುದನ್ನು ನನಗೆ ಕಾನ್ವೆಂಟು ಕಲಿಸಿತು. ಎಲ್ಲಿ ನೋಡಬೇಕೆಂದು ಅವ್ವ ಕಲಿಸಿದಳು.

ಗೆಜ್ಜೆಸರ ಬಿಚ್ಚಿ ಗೂಟಕ್ಕೆ ಹೋಯಿತು. ಮರುದಿನ ಅವ್ವ ರೊಟ್ಟಿ ಬಡಿಯುವ ಹಲಗೆಯನ್ನು ಹಿತ್ತಿಲಿಗೇ ತಂದಳು. ಕುದುರೆಯಿಂದ ಹತ್ತು ಮಾರು ದೂರ, ನುಗ್ಗೆಮರದ ಬುಡದಲ್ಲಿ ಕುಳಿತಳು. ಒಂದೇ ಒಂದು ಉಂಡೆ ಹಿಟ್ಟು. ಬಡಿದಳು, ಅದು ಕಾಲು ಎತ್ತಿತು. ಅವ್ವ ಕೈ ಮೇಲೆತ್ತಿ ಹಾಗೆಯೇ ಹಿಡಿದಳು. ಅದು ಎತ್ತುತ್ತಲೇ ಇತ್ತು. ಅವ್ವ ಕಾದಳು. ನೆರಳು ಅವಳ ಮೊಣಕಾಲಿನಿಂದ ಪಾದಕ್ಕೆ ಸರಿಯಿತು. ಕೊನೆಗೆ, ದಣಿದೋ ಏನೋ, ನಾಲ್ಕೂ ಕಾಲು ನೆಲದ ಮೇಲೆ ಬಂದವು. ಅವ್ವ ಹಲಗೆಗೆ ನಿಧಾನವಾಗಿ ಮೂರು ಸಲ ಅಂಗೈ ತಟ್ಟಿದಳು. ಕೊನೆಯ ರೊಟ್ಟಿ ಬಡಿದು ಹಲಗೆಯ ಹಿಟ್ಟು ಕೊಡವುವಾಗ ಅವಳು ದಿನಾ ತಟ್ಟುವ ರೀತಿ ಅದು.

"ಸಾಕೋ ತಮ್ಮಾ," ಎಂದಳು.

ನಾನು ಅಂಗೈ ಮೇಲೆ ರೊಟ್ಟಿಯ ಅಂಚು ಇಟ್ಟುಕೊಂಡು ಓಡಿದೆ. ಅದು ಬೆದರಿ ಗೋಡೆಗೆ ಹಾಯ್ದಿತು.

"ಓಡಬ್ಯಾಡ. ಅಂಜಿದವರ ಹಂತ್ಯಾಕ ಓಡಿ ಹೋಗಬಾರದು. ನಡಕೋತ ಹೋಗು," ಎಂದಳು ಅವ್ವ.

ದಿನಾ ಮುಂಜಾನೆ ಒಂದು ರೊಟ್ಟಿ, ಆಮೇಲೆ ಎರಡು, ಆಮೇಲೆ ನಾಲ್ಕು. ಹಲಗೆ ದಿನಕ್ಕೆ ಒಂದು ಮೊಳ ಹತ್ತಿರ ಸರಿಯುತ್ತಿತ್ತು. ಬಡಿತ ನಡೆಯುವಾಗ ಅದು ಕಾಲೆತ್ತಿದರೂ ಅವ್ವ ಬೈಯುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ. ನಿಂತಾಗ ಮಾತ್ರ ಮೂರು ತಟ್ಟು, ಆ ಮಾತು, ಆ ಅಂಚು. ತಮ್ಮಾ ಎಂದು ಕರೆದು ಕರೆದು ಅದೇ ಅದರ ಹೆಸರಾಯಿತು. ಅಬ್ಬಾ ಬೀಡಿ ಸೇದುತ್ತಾ ದೂರ ನಿಂತು ನೋಡುತ್ತಿದ್ದರು.

"ನಮ್ಮಪ್ಪ, ನಮ್ಮಜ್ಜ, ಎಲ್ಲಾರೂ ಲಗಾಮಿನ ಮ್ಯಾಲ ಕುದುರಿ ಪಳಗಿಸಿದವರು. ಈಗ ರೊಟ್ಟಿ ಬಡದು ಪಳಗಸ್ತಾರಂತ. ಊರಾಗ ಹೇಳಿದ್ರ ನಗತಾರ."

"ಹೇಳಬ್ಯಾಡ್ರಿ ಮತ್ತ," ಎಂದಳು ಅವ್ವ.

ಎಂಟು ದಿನಕ್ಕೆ ತಮ್ಮ ಮೊದಲ ಬಡಿತಕ್ಕೆ ಕಿವಿ ಮಾತ್ರ ಎತ್ತುವ ಮಟ್ಟಕ್ಕೆ ಬಂದಿದ್ದ. ಅಂದು ಅಬ್ಬಾಗೆ ಅವಸರವಾಯಿತು. ಇಷ್ಟಾಯಿತಲ್ಲ ಎಂದು ಟಾಂಗಾಕ್ಕೆ ಹೂಡಿದರು. ಓಣಿಯ ತಿರುವಿನಲ್ಲಿ ತಗಡಿನ ಡಬ್ಬಿ ಬಡಿಯುವವನ ಸದ್ದಿಗೆ ತಮ್ಮ ಕಾಲೆತ್ತಿದ. ಅಬ್ಬಾನ ಕೈ, ಇಪ್ಪತ್ತು ವರ್ಷದ ರೂಢಿಯ ಕೈ, ಚಾಬೂಕು ಎತ್ತಿ ಒಂದು ಹಾಕಿಬಿಟ್ಟಿತು. ಆ ಮಧ್ಯಾಹ್ನವೆಲ್ಲ ಗೋಡೆಯ ಆಚೆ ಕಾಲಿನ ಸದ್ದು ನಿಲ್ಲಲಿಲ್ಲ. ನನ್ನ ನೆನಪಿನಲ್ಲಿ ಅವ್ವ ಅಬ್ಬಾನ ಎದುರು ದನಿ ಎತ್ತಿದ್ದು ಅದೊಂದೇ ಸಲ.

"ಬಡದು ಕಲಿಸಿದ್ದನ್ನ ಬಡದು ಮರಸಾಕ ಆಗಂಗಿಲ್ರಿ. ಎಂಟ ದಿನದ್ದು ಒಂದ ಏಟಿನ್ಯಾಗ ಹೋತು."

"ಹಂಗಾರ ಕೇಳು. ಹಿರೇಕೆರೂರಾಗಿಂದ ಮದುವಿ ಬ್ಯಾಂಡಿನಾಂವ ಹೇಳಿ ಕಳಿಸ್ಯಾನ. ಹುಲಗೂರಾಗ ಇದರ ಕುಣಿತ ನೋಡ್ಯಾನಂತ. ಶಾಲಿ ಚಾಲೂ ಆದ ದಿನ ಇದು ಟಾಂಗಾದಾಗ ಮಕ್ಕಳನ್ನ ಕುಂಡ್ರಿಸ್ಕೊಂಡು ಸುಮ್ಮನ ಹೋತು, ಇರ್ತೈತಿ. ಇಲ್ಲಾ, ಮರದಿನಾನ ಅವಂಗ ಕೊಟ್ಟ ಬಿಡಾಂವ. ಅಂವಾ ಬಡಿಗಿಲೆ ನಿಂದ್ರೂದೂ ಕಲಿಸ್ತಾನ. ಟಾಂಗಾ ನಿಂತ್ರ ನಸೀಮಾನ ಕಾನ್ವೆಂಟೂ ನಿಂತಂಗ. ತಿಳ್ಕೊ."

ಫುಫೂ ನನ್ನ ತಲೆ ಬಾಚಲು ಕೂತರು. ಜಡೆ ಆ ದಿನ ತುಂಬ ಬಿಗಿಯಾಗಿತ್ತು.

ಮತ್ತೆ ಹಲಗೆ ನುಗ್ಗೆಮರದ ಬುಡಕ್ಕೆ ಹೋಯಿತು. ಮತ್ತೆ ಒಂದು ಉಂಡೆ ಹಿಟ್ಟು. ಈ ಸಲ ಫುಫೂ ಕೂಡ ಬಂದು ಕೂತರು. ಅವ್ವನ ಕೈ ಸೋತಾಗ ಅವರು ಬಡಿಯುತ್ತಿದ್ದರು. ಅವರ ಬಡಿತ ಸೊಟ್ಟ, ರೊಟ್ಟಿಗಳು ಇನ್ನೂ ಸೊಟ್ಟ. ತಮ್ಮ ಆಕ್ಷೇಪ ಮಾಡಲಿಲ್ಲ. ಹದಿನೆಂಟು ದಿನ ನಮ್ಮ ಮನೆಯಲ್ಲಿ ತಿಂದದ್ದೆಲ್ಲ ಆರಿದ ರೊಟ್ಟಿ. ಅಬ್ಬಾ ಗೊಣಗದೆ ಅದನ್ನೇ ತಿಂದರು. ಒಂದು ಸಂಜೆ ನಾನು ಕಿಂಡಿಯಲ್ಲಿ ಇಣುಕಿದಾಗ, ಅವರು ಒಬ್ಬರೇ ತಮ್ಮನ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಅವನ ಕಾಲಿನ ಗೆರೆಗಳಿಗೆ ಎಣ್ಣೆ ಹಚ್ಚುತ್ತಿದ್ದರು. ನಾನು ಕಿಂಡಿಯಿಂದ ಸರಿದುಕೊಂಡೆ.

ಶಾಲೆ ಶುರುವಾದ ದಿನ ಮೋಡ ಕವಿದಿತ್ತು. ಅವ್ವ ಬಾಗಿಲ ತನಕ ಬಂದಳು. ನಮ್ಮನ್ನು ಕಳಿಸಲು ಅದರಾಚೆ ಅವಳು ಬರುವ ರೂಢಿ ಇರಲಿಲ್ಲ. ಒಂಬತ್ತು ಮಕ್ಕಳನ್ನು ಹತ್ತಿಸಿಕೊಂಡು ತಮ್ಮ ನಡೆದ. ಎಲೆತೋಟದ ದಾರಿ ದಾಟಿತು, ದೊಡ್ಡಹುಣಸೆ ಮರಗಳು ದಾಟಿದವು. ಹಿಟ್ಟಿನ ಗಿರಣಿಯ ಸದ್ದಿಗೆ ಕಿವಿ ತಿರುಗಿಸಿದ, ನಡೆದ. ನಾನು ಉಸಿರು ಬಿಟ್ಟದ್ದು ಕಾನ್ವೆಂಟಿನ ಗೇಟು ಕಂಡಾಗ. ಆಗಲೇ ಒಳಗೆ ಪ್ರಾರ್ಥನೆಯ ಸಾಲಿಗೆ ಡ್ರಮ್ಮು ಶುರುವಾಯಿತು. ಅದು ನನಗೆ ಗೊತ್ತಿತ್ತು, ವರ್ಷವಿಡೀ ಕೇಳಿದ್ದೆ. ಆದರೆ ಮನೆಯಲ್ಲಿ ಹೇಳಲು ಮರೆತಿದ್ದೆ. ಅಷ್ಟು ನೋಡುವವಳು ನಾನು, ಅದೊಂದನ್ನೇ ಮರೆತಿದ್ದೆ. ತಮ್ಮನ ಕೊರಳು ಬಾಗಿತು. ಎಡಗಾಲು ಎದ್ದಿತು. ಹಿಂದೆ ಕೂತಿದ್ದ ಎಲೆ ವ್ಯಾಪಾರಿಗಳ ಮಕ್ಕಳು ಚೀರಿದರು. ಗೇಟಿನಲ್ಲಿ ಸಿಸ್ಟರ್, ಸೈಕಲ್ಲಿನ ಮೇಲೆ ಮಗುವನ್ನು ಬಿಡಲು ಬಂದ ಇಬ್ಬರು ತಂದೆಯರು, ಎಲ್ಲರೂ ನಿಂತು ನೋಡುತ್ತಿದ್ದರು. ಅಬ್ಬಾನ ಕೈ ಚಾಬೂಕಿನ ಕಡೆ ಹೋಯಿತು. ನಾನು ಅವರ ಕೈಯನ್ನೇ ನೋಡಿದೆ, ಮುಖವನ್ನಲ್ಲ.

ಆ ಕೈ ಚಾಬೂಕನ್ನು ದಾಟಿ ಕೆಳಗೆ ಬಂತು. ಅಬ್ಬಾ ಮುಂದಕ್ಕೆ ಬಾಗಿ, ನಾವು ಕೂತ ಹಲಗೆಯ ಅಂಚಿಗೆ ಅಂಗೈಯಿಂದ ನಿಧಾನವಾಗಿ ತಟ್ಟಿದರು. ಒಂದು. ಎರಡು. ಮೂರು. ಹೆಂಗಸರು ಹಲಗೆಯ ಹಿಟ್ಟು ಕೊಡವುವಂತೆ, ಅಷ್ಟು ಜನರ ಮುಂದೆ.

"ಸಾಕೋ ತಮ್ಮಾ," ಎಂದರು. ಅವರ ಕನ್ನಡಕ್ಕೆ ಆ ಕ್ಷಣ ಅವ್ವನ ಹಿರೇಕೆರೂರಿನ ಎಳೆತ ಬಂದಿತ್ತು.

ಎಡಗಾಲು ಗಾಳಿಯಲ್ಲಿ ತಡೆಯಿತು. ಒಳಗೆ ಡ್ರಮ್ಮು ಬಾರಿಸುತ್ತಲೇ ಇತ್ತು. ಭುಜದ ಚರ್ಮ ಒಮ್ಮೆ ನಡುಗಿತು. ಕಾಲು ಕೆಳಗಿಳಿಯಿತು. ಮತ್ತೆ ಏಳಲಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಇಳಿದರು. ಕೊನೆಗೆ ನಾನು ಇಳಿದಾಗ ಸಿಸ್ಟರ್ ಮೆಲ್ಲಗೆ ಕೇಳಿದರು:

"ನಸೀಮಾ, ಇದು ಯಾವ ಸಾಕು?"

ನಾನು ತಿರುಗಿ ತಮ್ಮನ ಕಾಲುಗಳನ್ನು ನೋಡಿದೆ.

ಸಂಜೆ ಮನೆಗೆ ಬಂದಾಗ ಅಬ್ಬಾ ಅವ್ವನಿಗೆ ಇನ್ನೂ ಏನೂ ಹೇಳಿರಲಿಲ್ಲ. ಅವ್ವ ಇಡೀ ದಿನ ಕೇಳಿರಲಿಲ್ಲ. ಅಬ್ಬಾ ಕೈ ತೊಳೆದು ಊಟಕ್ಕೆ ಕುಳಿತರು. ಕಟ್ಟಿನ ಸಾರು, ಬಿಸಿ ರೊಟ್ಟಿ. ಎರಡು ತಿಂದಾದ ಮೇಲೆ ತಾಟನ್ನೇ ನೋಡುತ್ತಾ ಅಂದರು:

"ನಿಂತಾ."

ಅಷ್ಟು ದಿನ ಅವರ ಬಾಯಲ್ಲಿ ಕುದುರೆ 'ಅದು' ಆಗಿತ್ತು. ಅವ್ವನ ಕೈ ಹಂಚಿನ ಮೇಲೆಯೇ ನಿಂತಿತು.

"ಹೌದ್ರಿ?"

"ನಿನ್ನ ಮಾತ ಅಂದೆ. ನಿಂತಾ."

ಅವ್ವ ಹಂಚಿನಿಂದ ಮೂರನೆಯ ರೊಟ್ಟಿ ತೆಗೆದು ಅವರ ತಾಟಿನ ಕಡೆ ಚಾಚಿದಳು. ಅಬ್ಬಾ ತಾಟಿನ ಮೇಲೆ ಕೈ ಅಡ್ಡ ಹಿಡಿದರು.

"ಸಾಕು."

ಅವ್ವ ರೊಟ್ಟಿ ಹಿಂದೆ ತೆಗೆಯಲಿಲ್ಲ, ಹಾಕಲೂ ಇಲ್ಲ. ಕಿಂಡಿಯ ಕಡೆ ಒಮ್ಮೆ ನೋಡಿ ಕೇಳಿದಳು:

"ಯಾವ ಸಾಕ್ರಿ?"

ಅಬ್ಬಾ ತಲೆ ಎತ್ತಿದರು.

"ಎರಡೂ," ಎಂದರು.

ಅವ್ವ ಆ ರೊಟ್ಟಿಯನ್ನು ಮುರಿದಳು. ಅರ್ಧ ಅಬ್ಬಾನ ತಾಟಿಗೆ ಹಾಕಿದಳು, ಅರ್ಧ ನನ್ನ ಕೈಗೆ ಕೊಟ್ಟಳು. ನಾನು ಎದ್ದು ಹಿತ್ತಿಲಿಗೆ ಹೋದೆ. ಓಡಲಿಲ್ಲ, ನಡೆದುಕೊಂಡು ಹೋದೆ.